ತೊಟ್ಟಿ ದಾಟಿದ ಮೀನಿಗೆ ಯಾರು ಹೊಣೆ?

ಕಳೆದ ದಸರಾ ರಜೆಯಲ್ಲಿ ಮಗಳ ಕಾಟ ತಡೆಯಲಾಗದೆ ಅಕ್ವೇರಿಯಂ ಅಂಗಡಿಗೆ ಹೋಗಿದ್ದೆ. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು. ಗೋಲ್ಡ್‌ಫಿಶ್, ಗಪ್ಪಿ, ಏಂಜಲ್ ಎಲ್ಲವನ್ನೂ ದಾಟಿ ಅವಳು ನಿಂತದ್ದು ನೀಲಿ ದೀಪ ಹಾಕಿದ್ದ ಒಂದು ತೊಟ್ಟಿಯ ಮುಂದೆ. ಒಳಗೆ ಕಿರುಬೆರಳಿಗಿಂತ ಚಿಕ್ಕ ಮೀನುಗಳು ಹಸಿರು, ಕಿತ್ತಳೆ, ಗುಲಾಬಿ ಬಣ್ಣದಲ್ಲಿ ಮಿಂಚುತ್ತಿದ್ದವು.

‘ಅಪ್ಪ, ಇದಕ್ಕೆ ಯಾರು ಬಣ್ಣ ಹಚ್ಚಿದ್ದು?’

ಅಂಗಡಿಯ ಹುಡುಗನನ್ನು ಕೇಳಿದೆ. ‘ಹುಟ್ಟುತ್ತಲೇ ಹಂಗೆ ಸಾರ್, ಫಾರಿನ್ ಐಟಂ’ ಎಂದ. ಎಲ್ಲಿಂದ ಬಂತು, ಯಾರು ಸಾಕಿದ್ದು, ಬಣ್ಣವನ್ನು ಚುಚ್ಚಿದ್ದೋ ಅಥವಾ ಒಳಗಿನಿಂದಲೇ ಬಂದದ್ದೋ ಎಂದರೆ ಅವನಿಗೂ ಗೊತ್ತಿಲ್ಲ, ಮಾಲೀಕರಿಗೂ ಗೊತ್ತಿಲ್ಲ. ನಾನು ಕೊಳ್ಳಲಿಲ್ಲ. ಮಗಳು ಮನೆ ತಲುಪುವವರೆಗೂ ಮುಖ ಊದಿಸಿಕೊಂಡೇ ಇದ್ದಳು. ‘ಯಾಕೆ ಬೇಡ ಅಂತ ಸರಿಯಾಗಿ ಹೇಳು’ ಎಂದು ಹಟ ಹಿಡಿದಳು. ಅವಳಿಗೆ ಸರಿಯಾಗಿ ಹೇಳಬೇಕೆಂದು ಓದಲು ಕುಳಿತವನಿಗೆ ಸಿಕ್ಕ ಕಥೆ ಇದು. ಕೊನೆಯಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ.

ಮಿಂಚುವ ಮೀನಿನ ಮೂಲ

ಜೀಬ್ರಾ ಮೀನು ನಮ್ಮದೇ ಮೀನು. ಭಾರತ, ಬಾಂಗ್ಲಾದೇಶ, ನೇಪಾಳದ ಹಳ್ಳ, ಗದ್ದೆ, ನಿಧಾನವಾಗಿ ಹರಿಯುವ ತೊರೆಗಳಲ್ಲಿ ಸಿಗುವ ಪಟ್ಟೆಪಟ್ಟೆಯ ಪುಟ್ಟ ಜೀವಿ. 1999ರ ಹೊತ್ತಿಗೆ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಂಬಲಿ ಮೀನಿನ, ಎಂದರೆ ಜೆಲ್ಲಿಫಿಶ್‌ನ, ಹೊಳೆಯುವ ಪ್ರೋಟೀನಿನ ಜೀನನ್ನು ಇದರ ಮೊಟ್ಟೆಗೆ ಸೇರಿಸಿದರು. ನೀರಿನಲ್ಲಿ ವಿಷ ಬೆರೆತರೆ ಮೀನು ಹೊಳೆದು ಎಚ್ಚರಿಸಬೇಕು ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ಆದರೆ ಮೀನು ಅಂದವಾಗಿ ಕಂಡಿತು. ‘ಗ್ಲೋಫಿಶ್’ ಎಂಬ ಹೆಸರಿನಲ್ಲಿ ಅಮೆರಿಕದ ಸಾಕುಪ್ರಾಣಿ ಅಂಗಡಿಗಳಿಗೆ ಬಂತು. ತಿನ್ನುವ ಮೀನಲ್ಲ, ಸಾಮಾನ್ಯ ಜೀಬ್ರಾ ಮೀನಿಗಿಂತ ಹೆಚ್ಚು ಅಪಾಯಕಾರಿ ಎನ್ನಲು ಸಾಕ್ಷ್ಯವಿಲ್ಲ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2003ರಲ್ಲಿ ಅದರ ಮೇಲೆ ನಿಯಂತ್ರಣ ಹೇರದೆ ಬಿಟ್ಟಿತು.

ಮುಂದಿನ ಅಧ್ಯಾಯ ನಡೆದದ್ದು ಬ್ರೆಜಿಲ್‌ನಲ್ಲಿ. ಆ ದೇಶ ಇಂಥ ಮೀನಿನ ಮಾರಾಟಕ್ಕೆ ಅನುಮತಿ ಕೊಟ್ಟಿರಲಿಲ್ಲ. ಆದರೂ ಅಲಂಕಾರಿಕ ಮೀನು ಸಾಕುವ ಹೊಂಡಗಳಿಂದ ಅವು ತಪ್ಪಿಸಿಕೊಂಡವು. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಟ್ಲಾಂಟಿಕ್ ಕಾಡಿನ ತೊರೆಗಳಲ್ಲಿ ಈ ಮಿಂಚುವ ಮೀನುಗಳು ಸ್ಥಳೀಯ ಹುಳುಹುಪ್ಪಟೆ ತಿಂದುಕೊಂಡು ಸಂತಾನವನ್ನೂ ಬೆಳೆಸುತ್ತಿವೆ. ಮಿಂಚುವ ಮೈ ಬೇಟೆಗಾರ ಮೀನಿನ ಕಣ್ಣಿಗೆ ಬೇಗ ಬೀಳುತ್ತದೆ, ಆದ್ದರಿಂದ ಹೊರಗೆ ಹೋದರೂ ಬದುಕುವುದಿಲ್ಲ ಎಂಬ ಲೆಕ್ಕ ಅಲ್ಲಿ ತಪ್ಪಿತು. ಅಂಗಡಿಯ ತೊಟ್ಟಿಯಿಂದ ಹಳ್ಳದವರೆಗಿನ ದಾರಿ ನಾವು ಅಂದುಕೊಂಡಷ್ಟು ದೂರವಿಲ್ಲ.

ಇದು ಚೆಂದಕ್ಕೆ ಸಾಕುವ ಮೀನಿನ ಮಾತು. ಇನ್ನು ತಟ್ಟೆಗೆ ಬರುವ ಮೀನಿನ ಕಥೆ ಇದಕ್ಕಿಂತ ದೊಡ್ಡದು.

ಎರಡು ಮೀನುಗಳ ಸಾಲ ಪಡೆದ ಸಾಲ್ಮನ್

1989ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ವಿಜ್ಞಾನಿಗಳು ಅಟ್ಲಾಂಟಿಕ್ ಸಾಲ್ಮನ್ ಮೀನಿನ ಮೊಟ್ಟೆಗೆ ಹೊಸ ಜೀನನ್ನು ಚುಚ್ಚಿದರು. ಸಾಲ್ಮನ್ ಚಳಿ ನೀರಿನ ಮೀನು. ಬೇಸಿಗೆಯಲ್ಲಿ ಬೆಳೆಯುತ್ತದೆ, ಚಳಿಗಾಲದಲ್ಲಿ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಹಾಗಾಗಿ ಮಾರುಕಟ್ಟೆಯ ತೂಕಕ್ಕೆ ಬರಲು ಸುಮಾರು ಮೂರು ವರ್ಷ ಬೇಕು. ವಿಜ್ಞಾನಿಗಳು ಪೆಸಿಫಿಕ್ ಸಾಗರದ ಚಿನೂಕ್ ಸಾಲ್ಮನ್‌ನಿಂದ ಬೆಳವಣಿಗೆಯ ಹಾರ್ಮೋನಿನ ಜೀನ್ ತೆಗೆದುಕೊಂಡರು. ಅದನ್ನು ಚಾಲೂ ಮಾಡುವ ‘ಸ್ವಿಚ್’ ಮಾತ್ರ ಓಷನ್ ಪೌಟ್ ಎಂಬ ಇನ್ನೊಂದು ಮೀನಿನದು. ಹೆಪ್ಪುಗಟ್ಟುವ ನೀರಿನಲ್ಲೂ ರಕ್ತ ಹೆಪ್ಪುಗಟ್ಟದಂತೆ ಕಾಯುವ ಪ್ರೋಟೀನ್ ಆ ಮೀನಿನಲ್ಲಿದೆ. ಅದರ ಸ್ವಿಚ್ ಚಳಿಯಲ್ಲೂ ಆರುವುದಿಲ್ಲ.

ಎರಡನ್ನೂ ಜೋಡಿಸಿದ್ದರ ಫಲವಾಗಿ ಸಾಲ್ಮನ್ ವರ್ಷವಿಡೀ ಬೆಳೆಯತೊಡಗಿತು. ಮೂರು ವರ್ಷದ ಬೆಳೆ 16ರಿಂದ 18 ತಿಂಗಳಿಗೆ ಇಳಿಯಿತು. ಮೀನು ರಾಕ್ಷಸ ಗಾತ್ರಕ್ಕೇನೂ ಬೆಳೆಯುವುದಿಲ್ಲ, ಅದೇ ಗಾತ್ರಕ್ಕೆ ಬೇಗ ಬರುತ್ತದೆ, ಅಷ್ಟೇ. ಇದಕ್ಕೆ ‘ಅಕ್ವಅಡ್ವಾಂಟೇಜ್’ ಎಂದು ಹೆಸರಿಟ್ಟರು. ಅಕ್ವಬೌಂಟಿ ಎಂಬ ಕಂಪನಿ ಅದನ್ನು ಮಾರುಕಟ್ಟೆಗೆ ತರಲು ಹೊರಟಿತು.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ತಳಿ ಸುಧಾರಿಸುವುದೆಲ್ಲ ಜೀನ್ ಬದಲಿಸುವುದಲ್ಲ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ಬೆಳೆಸಿದ ‘ಜಯಂತಿ ರೋಹು’ ಬೇಗ ಬೆಳೆಯುತ್ತದೆ. ಆದರೆ ಅದು ಒಳ್ಳೆಯ ಹೋರಿ, ಒಳ್ಳೆಯ ಬಿತ್ತನೆ ಬೀಜ ಆರಿಸುವಂತೆ ತಲೆಮಾರುಗಳ ಕಾಲ ಆಯ್ಕೆ ಮಾಡಿ ಪಡೆದ ತಳಿ. ಜೀನನ್ನು ಪ್ರಯೋಗಾಲಯದಲ್ಲಿ ಒಳಗೆ ಸೇರಿಸಿದಾಗ ಮಾತ್ರ ಅದು ‘ಕುಲಾಂತರಿ’. ನಮ್ಮಲ್ಲೂ ಅಂಥ ಪ್ರಯತ್ನ ನಡೆದಿದೆ. ಮಧುರೈ ಕಾಮರಾಜ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೋಹುವಿನದೇ ಬೆಳವಣಿಗೆ ಹಾರ್ಮೋನಿನ ಜೀನನ್ನು ರೋಹುವಿಗೆ ಮತ್ತೆ ಸೇರಿಸಿ, ಅದು ಹೆಚ್ಚು ವೇಗವಾಗಿ ಬೆಳೆಯುವುದನ್ನು 2004ರಲ್ಲಿ ವರದಿ ಮಾಡಿದ್ದರು. ಅದು ಪ್ರಯೋಗಾಲಯದಿಂದ ನಮ್ಮ ಮಾರುಕಟ್ಟೆಗೆ ಬರಲಿಲ್ಲ.

ಮೀನಿನ ಒಳಗೊಂದು ‘ಔಷಧ’

ಹೊಸ ಸಾಲ್ಮನ್ ಬಂದಾಗ ಅಮೆರಿಕದಲ್ಲಿ ಎದ್ದ ಮೊದಲ ಪ್ರಶ್ನೆ ವಿಚಿತ್ರವಾಗಿತ್ತು. ಇದನ್ನು ಯಾವ ಕಾನೂನಿನಡಿ ತರುವುದು? ಕುಲಾಂತರಿ ಪ್ರಾಣಿಗೆಂದೇ ಅಲ್ಲಿ ಪ್ರತ್ಯೇಕ ಕಾನೂನು ಇರಲಿಲ್ಲ. ಎಫ್‌ಡಿಎ ಹಳೆಯ ಕಾನೂನಿನಲ್ಲೇ ಜಾಗ ಹುಡುಕಿತು. ಪ್ರಾಣಿಯ ದೇಹದ ರಚನೆಯನ್ನೋ ಕೆಲಸವನ್ನೋ ಬದಲಿಸುವ ವಸ್ತು ‘ಔಷಧ’. ಸೇರಿಸಿದ ಜೀನ್ ಕೂಡ ಮೀನಿನ ಬೆಳವಣಿಗೆ ಬದಲಿಸುತ್ತದೆ. ಹಾಗಾಗಿ ಆ ಜೀನೇ ‘ಹೊಸ ಪಶು ಔಷಧ’! ದನಕ್ಕೆ ಕೊಡುವ ಜಂತುಹುಳದ ಮದ್ದಿಗೂ ಈ ಮೀನಿಗೂ ಒಂದೇ ಬಾಗಿಲು.

1995ರಲ್ಲಿ ಕಂಪನಿ ಎಫ್‌ಡಿಎ ಬಾಗಿಲು ತಟ್ಟಿತು. ಒಪ್ಪಿಗೆ ಸಿಕ್ಕಿದ್ದು 2015ರ ನವೆಂಬರ್ 19ರಂದು. ತಿನ್ನಲು ಜೀನ್ ಬದಲಿಸಿದ ಪ್ರಾಣಿಗೆ ಜಗತ್ತಿನಲ್ಲಿ ಸಿಕ್ಕ ಮೊದಲ ಒಪ್ಪಿಗೆ ಅದು. ಮರುವರ್ಷ ಕೆನಡಾ ಕೂಡ ಒಪ್ಪಿತು. 2017ರಲ್ಲಿ ಕೆನಡಾದಲ್ಲಿ ಸುಮಾರು ನಾಲ್ಕೂವರೆ ಟನ್ ಮಾರಾಟವಾಯಿತು. ಚೀಟಿಯಲ್ಲಿ ‘ಜೀನ್ ಬದಲಿಸಿದ್ದು’ ಎಂದು ಬರೆಯುವ ಕಡ್ಡಾಯ ಅಲ್ಲಿರಲಿಲ್ಲ. ತಿಂದವರಿಗೆ ತಾವು ತಿಂದದ್ದು ಯಾವ ಸಾಲ್ಮನ್ ಎಂದು ತಿಳಿಯುವ ದಾರಿಯೂ ಇರಲಿಲ್ಲ. ಅಮೆರಿಕದಲ್ಲಿ ಲೇಬಲ್ ವಿಷಯವಾಗಿ ಸಂಸತ್ತೇ ಮಧ್ಯೆ ಬಂತು. ಲೇಬಲ್ ನಿಯಮ ಆಗುವವರೆಗೂ ಆ ಮೀನು ಗಡಿ ದಾಟಿ ಒಳಗೆ ಬರುವಂತಿರಲಿಲ್ಲ. ಆ ತಡೆ ತೆರವಾದದ್ದು 2019ರಲ್ಲಿ, ಅಲ್ಲಿ ಮಾರಾಟ ಶುರುವಾದದ್ದು 2021ರಲ್ಲಿ.

ಮೂರು ಬೇಲಿಗಳು

ತಿಂದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಎಫ್‌ಡಿಎ, ಸಾಮಾನ್ಯ ಸಾಲ್ಮನ್ ತಿಂದಷ್ಟೇ ಸುರಕ್ಷಿತ ಎಂದಿತು. ದೊಡ್ಡ ವಾದ ನಡೆದದ್ದು ಇನ್ನೊಂದು ಪ್ರಶ್ನೆಯ ಮೇಲೆ. ಓಡಿಹೋದರೆ?

ಕಂಪನಿ ಮೂರು ಬೇಲಿ ತೋರಿಸಿತು. ಮೊದಲನೆಯದು ತೊಟ್ಟಿ: ಮೀನನ್ನು ಸಮುದ್ರದ ಬಲೆಪಂಜರದಲ್ಲಿ ಸಾಕದೆ ನೆಲದ ಮೇಲಿನ ತೊಟ್ಟಿಗಳಲ್ಲಿ, ಜಾಲರಿಗಳ ಕಾವಲಿನಲ್ಲಿ ಸಾಕುವುದು. ಎರಡನೆಯದು ಸ್ಥಳ: ಮೊಟ್ಟೆ ತಯಾರಾಗುವುದು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ, ಮೀನು ಬೆಳೆಯುವುದು ಪನಾಮಾದ ಬೆಟ್ಟದ ಮೇಲೆ. ಅಲ್ಲಿಂದ ತಪ್ಪಿಸಿಕೊಂಡರೂ ಕೆಳಗಿನ ಬಿಸಿ ನೀರಿನಲ್ಲಿ ಚಳಿ ಮೀನು ಉಳಿಯುವುದಿಲ್ಲ ಎಂಬ ಲೆಕ್ಕ. ಮುಂದೆ ಇಂಡಿಯಾನಾ ರಾಜ್ಯದ ಆಲ್ಬನಿಯಲ್ಲೂ, ಸಮುದ್ರದಿಂದ ಬಹು ದೂರದಲ್ಲಿ, ಸಾಕಣೆ ನಡೆಯಿತು.

ಮೂರನೆಯ ಬೇಲಿ ಮೀನಿನ ಮೈಯೊಳಗೇ ಇದೆ. ಮಾರುವ ಮೀನೆಲ್ಲ ಹೆಣ್ಣು, ಅದೂ ಬಂಜೆ. ನಮ್ಮ ಪಚ್ಚಬಾಳೆ ಹಣ್ಣಿನಲ್ಲಿ ಬೀಜ ಏಕಿಲ್ಲ ಗೊತ್ತೆ? ಸಾಮಾನ್ಯ ಜೀವಿಗಳಲ್ಲಿ ವರ್ಣತಂತುಗಳು ಎರಡು ಜೊತೆ ಇದ್ದರೆ ಅದರಲ್ಲಿ ಮೂರು ಜೊತೆ. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದು, ಬೀಜ ಕಟ್ಟಲಾಗದು. ಸಾಲ್ಮನ್ ಮೊಟ್ಟೆ ಫಲಿತವಾದ ಸ್ವಲ್ಪ ಹೊತ್ತಿಗೆ ಅದರ ಮೇಲೆ ಭಾರೀ ಒತ್ತಡ ಹಾಕಿದರೆ ಅದೂ ಹೀಗೇ ಮೂರು ಜೊತೆಯದಾಗುತ್ತದೆ.

ಒಂದೊಂದು ಬೇಲಿಯೂ ಗಟ್ಟಿಯೇ. ಆದರೆ ಯಾವುದೂ ನೂರಕ್ಕೆ ನೂರಲ್ಲ. ಕನಿಷ್ಠ ನೂರಕ್ಕೆ 95 ಮೊಟ್ಟೆಗಳಾದರೂ ಬಂಜೆಯಾಗಿರಬೇಕು ಎಂಬುದು ಸರ್ಕಾರದ ಷರತ್ತು. ಎಂದರೆ ಲಕ್ಷದಲ್ಲಿ ಕೆಲವು ಸಾವಿರ ಮೊಟ್ಟೆ ಬಂಜೆಯಾಗದಿದ್ದರೂ ಷರತ್ತು ಮುರಿದಂತಲ್ಲ. ಮೇಲಾಗಿ, ಮೊಟ್ಟೆ ಕೊಡುವ ತಾಯಿ ಮೀನುಗಳು ಬಂಜೆಯಾಗಿರಲು ಸಾಧ್ಯವೇ ಇಲ್ಲವಲ್ಲ! ಅವು ಇರುವ ಪ್ರಿನ್ಸ್ ಎಡ್ವರ್ಡ್ ದ್ವೀಪದ ಸುತ್ತಲಿನ ಕಡಲೋ, ಕಾಡು ಅಟ್ಲಾಂಟಿಕ್ ಸಾಲ್ಮನ್‌ನ ತವರು.

ಮರದ ಕುದುರೆಯ ಲೆಕ್ಕ

ಓಡಿಹೋದ ಮೀನು ಏನು ಮಾಡೀತು? 1999ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ ಮತ್ತು ರಿಚರ್ಡ್ ಹೊವಾರ್ಡ್ ಒಂದು ಲೆಕ್ಕ ಹಾಕಿದರು. ಜಪಾನಿನ ಮೆಡಾಕಾ ಎಂಬ ಪುಟ್ಟ ಮೀನಿನ ಪ್ರಯೋಗದ ಆಧಾರದ ಮೇಲೆ ಮಾಡಿದ ಲೆಕ್ಕ ಅದು. ಬದಲಾದ ಮೀನು ದೊಡ್ಡದಾದ್ದರಿಂದ ಅದಕ್ಕೇ ಹೆಚ್ಚು ಸಂಗಾತಿಗಳು ಸಿಗುತ್ತಾರೆ, ಆದರೆ ಅದರ ಮರಿಗಳು ಬದುಕಿ ಉಳಿಯುವುದು ಕಡಿಮೆ ಎಂದಿಟ್ಟುಕೊಳ್ಳಿ. 60,000 ಕಾಡುಮೀನುಗಳ ನಡುವೆ ಬರೀ 60 ಬದಲಾದ ಮೀನು ಸೇರಿದರೂ 40 ತಲೆಮಾರಿನಲ್ಲಿ ಇಡೀ ಸಂತತಿ ಅಳಿದುಹೋಗುತ್ತದೆ! ಗ್ರೀಕರು ಮರದ ಕುದುರೆಯ ಹೊಟ್ಟೆಯಲ್ಲಿ ಅಡಗಿ ಟ್ರಾಯ್ ಕೋಟೆ ಹೊಕ್ಕ ಕಥೆ ಓದಿದ್ದೀರಲ್ಲ, ಅದಕ್ಕೇ ಇದಕ್ಕೆ ‘ಟ್ರೋಜನ್ ಜೀನ್’ ಎಂದು ಹೆಸರು.

ಇದು ಲೆಕ್ಕ, ಕಣ್ಣಾರೆ ಕಂಡದ್ದಲ್ಲ. ಎಲ್ಲ ಮೀನಿಗೂ ಇದು ಅನ್ವಯಿಸುವುದೂ ಇಲ್ಲ. ಸ್ವತಃ ಮ್ಯೂರ್ ಅವರೇ ಮುಂದೆ, ಈ ಸಾಲ್ಮನ್‌ನಿಂದ ಅಂಥ ಅಪಾಯ ಕಡಿಮೆ ಎಂಬ ನಿಲುವು ತಳೆದರು. ನನಗೆ ಇದು ಇಷ್ಟವಾಯಿತು. ಒಳ್ಳೆಯ ವಿಜ್ಞಾನಿ ತನ್ನ ಲೆಕ್ಕಕ್ಕೇ ಜೋತುಬೀಳುವುದಿಲ್ಲ.

ಕೆನಡಾದ ಮೀನುಗಾರಿಕೆ ಇಲಾಖೆಯ ರಾಬರ್ಟ್ ಡೆವ್ಲಿನ್ ಮತ್ತು ಸಂಗಡಿಗರು ಕೋಹೊ ಸಾಲ್ಮನ್ ಮೇಲೆ ಪ್ರಯೋಗ ಮಾಡಿ 2004ರಲ್ಲಿ ಪ್ರಕಟಿಸಿದರು. ಹೊಟ್ಟೆ ತುಂಬ ಆಹಾರ ಇದ್ದಾಗ ಬದಲಾದ ಮೀನೂ ಸಾಮಾನ್ಯ ಮೀನೂ ಒಂದೇ ತೊಟ್ಟಿಯಲ್ಲಿ ಹೊಂದಿಕೊಂಡವು. ಆಹಾರ ಕಡಿಮೆಯಾದಾಗ ಬದಲಾದ ಮೀನುಗಳ ಹಸಿವು ಬಯಲಿಗೆ ಬಂತು. ಅವು ಉಳಿದವನ್ನು ತಳ್ಳಿ ತಿಂದವು, ಕೊನೆಗೆ ಜೊತೆಯವನ್ನೇ ತಿಂದವು. ಕೆಲವು ತೊಟ್ಟಿಗಳು ಪೂರ್ತಿ ಖಾಲಿಯಾದವು. 2013ರಲ್ಲಿ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು, ಕುಲಾಂತರಿ ಸಾಲ್ಮನ್ ಕಂದು ಟ್ರೌಟ್ ಎಂಬ ಬೇರೆ ಜಾತಿಯ ಮೀನಿನೊಂದಿಗೂ ಕೂಡಿ ಮರಿ ಮಾಡಬಲ್ಲದು, ಆ ಮರಿಗಳೂ ಬೇಗ ಬೆಳೆಯುತ್ತವೆ ಎಂದು ತೋರಿಸಿದರು.

ಜೀನ್ ಬದಲಿಸದ ಸಾಕುಮೀನುಗಳು ಓಡಿಹೋಗುವುದಂತೂ ನಡೆದೇ ಇದೆ. 2017ರ ಆಗಸ್ಟ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೈಪ್ರಸ್ ದ್ವೀಪದ ಬಳಿ ಬಲೆಪಂಜರ ಕುಸಿದು ಸುಮಾರು ಎರಡೂವರೆ ಲಕ್ಷ ಅಟ್ಲಾಂಟಿಕ್ ಸಾಲ್ಮನ್‌ಗಳು ಪೆಸಿಫಿಕ್ ಕಡಲಿಗೆ ನುಗ್ಗಿದವು. ಮರುವರ್ಷವೇ ಆ ರಾಜ್ಯ ಹೊರಗಿನ ಜಾತಿಯ ಮೀನನ್ನು ಕಡಲಲ್ಲಿ ಸಾಕುವುದನ್ನು ನಿಲ್ಲಿಸುವ ಕಾನೂನು ತಂದಿತು. ನಾರ್ವೆಯ ಅನೇಕ ನದಿಗಳ ಕಾಡು ಸಾಲ್ಮನ್‌ನಲ್ಲಿ ಈಗ ಸಾಕು ಸಾಲ್ಮನ್‌ನ ಜೀನ್ ಬೆರೆತಿದೆ.

ನ್ಯಾಯಾಲಯ ಹೇಳಿದ್ದು

2016ರಲ್ಲಿ ಪರಿಸರ ಸಂಘಟನೆಗಳು ಮತ್ತು ಮೀನುಗಾರರು ಎಫ್‌ಡಿಎ ವಿರುದ್ಧ ಮೊಕದ್ದಮೆ ಹೂಡಿದರು. ಸಾಲ್ಮನ್ ಹಿಡಿದೇ ತಲೆತಲಾಂತರದಿಂದ ಬದುಕಿದ ಕ್ವಿನಾಲ್ಟ್ ಬುಡಕಟ್ಟಿನವರೂ ಅವರ ಜೊತೆ ನಿಂತರು. ಮೀನಿನ ಜೀನನ್ನು ‘ಔಷಧ’ ಎನ್ನುವುದು ಸರಿಯೇ ಎಂಬ ಪ್ರಶ್ನೆಗೆ ನ್ಯಾಯಾಲಯ 2019ರಲ್ಲಿ ಎಫ್‌ಡಿಎ ಪರವಾಗಿ ಹೇಳಿತು. ಆದರೆ 2020ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶ ವಿನ್ಸ್ ಛಾಬ್ರಿಯಾ ಇನ್ನೊಂದು ಮುಖ್ಯ ಮಾತು ಹೇಳಿದರು. ಓಡಿಹೋಗುವ ಸಂಭವ ಕಡಿಮೆ ಎಂದು ಹೇಳಿ ಕೈತೊಳೆದುಕೊಂಡರೆ ಸಾಲದು, ಓಡಿಹೋದರೆ ಏನಾಗುತ್ತದೆ ಎಂದೂ ಪರಿಶೀಲಿಸಬೇಕಿತ್ತು. ಹಾಗೆ ಮಾಡದೆ ಎಫ್‌ಡಿಎ ಪರಿಸರ ಕಾನೂನನ್ನೂ ಅಳಿವಿನಂಚಿನ ಜೀವಿಗಳ ಕಾನೂನನ್ನೂ ಮೀರಿದೆ ಎಂಬುದು ತೀರ್ಪು. ಮೇನ್ ಕೊಲ್ಲಿಯ ಕಾಡು ಅಟ್ಲಾಂಟಿಕ್ ಸಾಲ್ಮನ್ 2000ದಿಂದಲೇ ಅಳಿವಿನಂಚಿನ ಪಟ್ಟಿಯಲ್ಲಿದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಒಪ್ಪಿಗೆಯನ್ನು ಅವರು ರದ್ದು ಮಾಡಲಿಲ್ಲ, ಪರಿಶೀಲನೆಯನ್ನು ಮತ್ತೆ ಮಾಡಿ ಎಂದರು.

ಕೊನೆಗೆ ಈ ಮೀನನ್ನು ನಿಲ್ಲಿಸಿದ್ದು ತೀರ್ಪಲ್ಲ, ದುಡ್ಡು. ಬಂಡವಾಳ ಸಾಲದೆ, 2024ರ ಡಿಸೆಂಬರ್‌ನಲ್ಲಿ ಕಂಪನಿ ಮೀನು ಸಾಕಣೆಯನ್ನೇ ನಿಲ್ಲಿಸುವುದಾಗಿ ಘೋಷಿಸಿತು.

ಹಾಗೆಂದು ವಿಷಯ ಮುಗಿಯಲಿಲ್ಲ. ಜಪಾನ್‌ನಲ್ಲಿ 2021ರಿಂದ, ಹೊರಗಿನ ಜೀನ್ ಸೇರಿಸದೆ ಮೀನಿನದೇ ಜೀನನ್ನು ಕತ್ತರಿಸಿ ಬದಲಿಸಿದ ಕೆಂಪು ಸೀ ಬ್ರೀಮ್ ಮತ್ತು ಪಫರ್ ಮೀನು ಮಾರಾಟಕ್ಕೆ ಬಂದಿವೆ. ಹೊರಗಿನ ಜೀನ್ ಇಲ್ಲದ ಕಾರಣ ಅಲ್ಲಿ ಅವಕ್ಕೆ ಕುಲಾಂತರಿಯ ಕಟ್ಟುಪಾಡು ಇಲ್ಲ. ಬಾಗಿಲು ಬೇರೆಯಾಯಿತು. ಓಡಿಹೋದರೇನು ಎಂಬ ಪ್ರಶ್ನೆ ಮಾತ್ರ ಅದೇ.

ನಮ್ಮ ಕಾನೂನು, ನಮ್ಮ ಕೆರೆ

ನಮ್ಮಲ್ಲಿ ಇದಕ್ಕೆ ಕಾನೂನು ಹಿಂದಿನಿಂದಲೂ ಇದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಜೀನ್ ಬದಲಿಸಿದ ಯಾವ ಜೀವಿಯನ್ನೂ ಅನುಮತಿಯಿಲ್ಲದೆ ಆಮದು ಮಾಡುವಂತಿಲ್ಲ, ಸಾಕುವಂತಿಲ್ಲ, ಮಾರುವಂತಿಲ್ಲ. ಪರಿಸರಕ್ಕೆ ಬಿಡುವ ಪ್ರಸ್ತಾಪಗಳನ್ನು ತೂಗಿ ನೋಡುವುದು ಕೇಂದ್ರ ಪರಿಸರ ಸಚಿವಾಲಯದ ಜಿಇಎಸಿ ಸಮಿತಿ. ಬಿಟಿ ಬದನೆ ಗಲಾಟೆಯಲ್ಲಿ ಈ ಹೆಸರು ಕೇಳಿರುತ್ತೀರಿ. 2022ರಲ್ಲಿ ಜೀನ್ ಕತ್ತರಿಸಿ ಬದಲಿಸಿದ ಕೆಲವು ಬಗೆಯ ಗಿಡಗಳಿಗೆ ವಿನಾಯಿತಿ ಸಿಕ್ಕಿತು, ಆದರೆ ಅದು ಗಿಡಗಳಿಗೆ ಮಾತ್ರ. ಜೀನ್ ಬದಲಿಸಿದ ಜೀವಿಗಳು ಗಡಿ ದಾಟುವ ಬಗ್ಗೆ ಕಾರ್ಟಹೇನಾ ಒಪ್ಪಂದ ಎಂಬ ಜಾಗತಿಕ ಕರಾರೂ ಇದೆ, 2003ರಿಂದ ಜಾರಿಯಲ್ಲಿದೆ. ಭಾರತ ಅದರ ಸದಸ್ಯ. ಅಮೆರಿಕ ಅಲ್ಲ.

ಕಾನೂನು ಇದ್ದರೆ ಸಾಕೇ? ಆಫ್ರಿಕನ್ ಕ್ಯಾಟ್‌ಫಿಶ್ ಕುಲಾಂತರಿಯಲ್ಲ, ಆದರೂ ಪಾಠ ಅದರಲ್ಲೇ ಇದೆ. ಹೊಟ್ಟೆಬಾಕ ಮೀನು, ನಮ್ಮ ಸ್ಥಳೀಯ ಮೀನುಗಳನ್ನೇ ನುಂಗುತ್ತದೆ. ಎರಡು ದಶಕದ ಹಿಂದೆಯೇ ದೇಶದಲ್ಲಿ ಅದರ ಸಾಕಣೆಗೆ ನಿಷೇಧ ಬಿದ್ದಿದೆ. ಆದರೂ ಬೆಂಗಳೂರಿನ ಸುತ್ತಮುತ್ತ ಕದ್ದುಮುಚ್ಚಿ ತೋಡಿದ ಹೊಂಡಗಳಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಬೆಳೆಸುವುದು, ಅಧಿಕಾರಿಗಳು ಹೊಂಡ ಮುಚ್ಚಿಸುವುದು ಆಗಾಗ ಸುದ್ದಿಯಾಗುತ್ತದೆ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ತಿಲಾಪಿಯಾವನ್ನಂತೂ ನಾವು ‘ಜಿಲೇಬಿ ಮೀನು’ ಎಂದು ಕರೆದು ನಮ್ಮದೇ ಮಾಡಿಕೊಂಡೆವು. ಈಗ ಅದಿಲ್ಲದ ಕೆರೆ ಅಪರೂಪ.

ನಾನು ಬಿಟ್ಟ ಮೀನು

ಇನ್ನು ನನ್ನ ತಪ್ಪೊಪ್ಪಿಗೆ. ಮಗಳು ಹುಟ್ಟುವ ಮೊದಲು ನಮ್ಮ ಮನೆಯಲ್ಲೊಂದು ಅಕ್ವೇರಿಯಂ ಇತ್ತು. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ‘ಟ್ಯಾಂಕ್ ಕ್ಲೀನರ್’ ಮೀನು ಎರಡಿದ್ದವು. ಎರಡು ವರ್ಷದಲ್ಲಿ ಮೊಳದುದ್ದ ಬೆಳೆದು ತೊಟ್ಟಿ ಸಾಲದಾಯಿತು. ಮನೆ ಬದಲಿಸುವಾಗ ಕೊಲ್ಲಲು ಮನಸ್ಸು ಬಾರದೆ ಒಂದು ಸಂಜೆ ಬಕೆಟ್ಟಿನಲ್ಲಿ ಒಯ್ದು ಊರ ಕೆರೆಗೆ ಬಿಟ್ಟು ಬಂದೆ. ಪುಣ್ಯದ ಕೆಲಸ ಮಾಡಿದೆನೆಂದೇ ಅಂದುಕೊಂಡಿದ್ದೆ.

ಹೋದ ವರ್ಷ ಅದೇ ಕೆರೆಯ ಏರಿ ಮೇಲೆ ನಡೆಯುವಾಗ, ಮೀನಿನ ಗುತ್ತಿಗೆ ಹಿಡಿದವರು ಬಲೆ ಬಿಡಿಸುತ್ತಿದ್ದರು. ಬಲೆಯಲ್ಲಿ ಕಟ್ಲಾ, ರೋಹುವಿಗಿಂತ ಹೆಚ್ಚಾಗಿ ಕಪ್ಪು, ಮುಳ್ಳುಮುಳ್ಳು ಮೀನುಗಳೇ ಇದ್ದವು. ಅದೇ ಟ್ಯಾಂಕ್ ಕ್ಲೀನರ್. ದಕ್ಷಿಣ ಅಮೆರಿಕದ ಮೀನು.

‘ಯಾರೂ ತಿನ್ನಲ್ಲ ಸ್ವಾಮಿ, ಬಲೆ ಹರಿತದೆ, ಏರಿ ಕೊರಿತದೆ. ಯಾವ ಪುಣ್ಯಾತ್ಮ ಬಿಟ್ಟನೋ’ ಎಂದರು.

ನಾನು ಬಾಯಿ ಬಿಡಲಿಲ್ಲ. ನನ್ನ ಎರಡೇ ಮೀನಿನಿಂದ ಅಷ್ಟೂ ಆದವೆಂದಲ್ಲ. ನನ್ನಂಥ ಪುಣ್ಯಾತ್ಮರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರು. ಆದರೆ ಆ ಹರಿದ ಬಲೆಯನ್ನು ಅವರು ಸೂಜಿದಾರ ಹಿಡಿದು ಹೊಲಿಯುತ್ತ ಕುಳಿತದ್ದು ಕಣ್ಣಿಂದ ಹೋಗುತ್ತಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಸಾಲ್ಮನ್, ಔಷಧದ ಕಾನೂನು, ಮರದ ಕುದುರೆ, ಕೊನೆಗೆ ಬಕೆಟ್ಟು. ಅವಳು ಬೇರೆಲ್ಲ ಬಿಟ್ಟು ಬಕೆಟ್ಟನ್ನೇ ಹಿಡಿದುಕೊಂಡಳು. ‘ಹಾಗಾದರೆ ಅವರ ಹತ್ತಿರ ಹೋಗಿ ಸಾರಿ ಕೇಳಿದೆಯಾ?’

ಕೇಳಿರಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಹೋದೆವು. ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಮಗಳ ಕಡೆ ತಿರುಗಿ, ‘ನೋಡವ್ವ, ಸಾಕಾಗದಿದ್ರೆ ಅಂಗಡಿಯವನಿಗೇ ವಾಪಸ್ ಕೊಡಬೇಕು. ಕೆರೆಗೆ ಮಾತ್ರ ಬಿಡಬಾರದು’ ಎಂದರು.

ಎಫ್‌ಡಿಎ, ಜಿಇಎಸಿ, ನ್ಯಾಯಾಲಯ ಎಲ್ಲ ಅವರವರ ಕೆಲಸ ಮಾಡಲಿ. ಅಕ್ವೇರಿಯಂ ಇರುವ ಮನೆಯವರು ಈ ಮಾತನ್ನು ನೆನಪಿಟ್ಟುಕೊಳ್ಳಿ. ತೊಟ್ಟಿಯ ಮೀನು, ಅದರ ಮೊಟ್ಟೆ, ನೀರ ಗಿಡ ಯಾವುದನ್ನೂ ಕೆರೆಗೆ, ಬಾವಿಗೆ, ಚರಂಡಿಗೆ ಸುರಿಯಬೇಡಿ. ಹೊಳೆಯುವ ಮೀನು ಕಂಡರೆ ಅದು ಎಲ್ಲಿಂದ ಬಂತೆಂದು ಕೇಳಿ, ಉತ್ತರ ಸಿಗದಿದ್ದರೆ ಕೊಳ್ಳಬೇಡಿ.

ನಮ್ಮ ಮನೆಯ ತೊಟ್ಟಿಯಲ್ಲಿ ಈಗ ಆರು ಗಪ್ಪಿಗಳಿವೆ. ತೊಟ್ಟಿಯ ಮೇಲೆ ಮಗಳು ತನ್ನ ಕೈಬರಹದಲ್ಲಿ ಒಂದು ಚೀಟಿ ಅಂಟಿಸಿದ್ದಾಳೆ: ‘ಅಪ್ಪ, ಬಕೆಟ್ ಮುಟ್ಟಬೇಡ.’